ಮೊದಲನೆಯ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ಆತುರಗಾರರನ್ನು ಹಾಸ್ಯಮಾಡುವ ಗಾದೆಯೊಂದು ನಮ್ಮಲ್ಲುಂಟು. ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಕಿಯರಾದರೋ ಈ ಗಾದೆಗೆ ಅಂಜದೆ, ಇನ್ನೂ ಹುಟ್ಟದಿರುವ ಕೂಸುಗಳಿಗಾಗಿ ಪ್ರತಿವರ್ಷವೂ ಕ್ರೋಶಾ ಕಡ್ಡಿಯಿಂದ ಕುಲಾವಿಗಳನ್ನು ಹೆಣೆಯುತ್ತಾರೆ. ಈಚೆಗೆ ಕೆಲವು ಮಂದಿ ಪೋಷಕರು ನಮ್ಮನ್ನು ಕಂಡು, ವಾರಕ್ಕೊಂದಾವರ್ತಿ ಬರುವ ಈ ಕೈಕೆಲಸದ ಪಿರಿಯಡನ್ನು ಗಣಿತಕ್ಕೆ ಬಿಟ್ಟುಕೊಟ್ಟರೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅನುಕೂಲವಾದೀತೆಂದು ಸೂಚಿಸಿದರು. ಅವರ ಕಳಕಳಿಯನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೂ ಆ ಸೂಚನೆಗೆ ಒಪ್ಪಲಾರೆವು. ಏಕೆಂದರೆ, ಆ ಪಿರಿಯಡಿನಲ್ಲಿ ನಡೆಯುವುದೂ ಗಣಿತವೇ. ಗಣಿತಕ್ಕಿಂತ ಮಿಗಿಲಾದ ಇನ್ನೊಂದು ಪಾಠವೂ ಅಲ್ಲಿ ನಡೆಯುತ್ತದೆ.

ಕೆಲಸವು ಬಹು ಸರಳವಾದುದು. ನಾಲ್ಕು ಸರಪಳಿಗಳನ್ನು ಹಾಕಿ, ತುದಿಗಳನ್ನು ಕೂಡಿಸಿ, ಒಂದು ಚಿಕ್ಕ ಬಳೆಯನ್ನು ಮಾಡಬೇಕು. ಬಳೆಯೊಳಗೆ 12 ಕಂಬಗಳನ್ನು ಹಾಕಬೇಕು. ಪ್ರತಿ ಸುತ್ತಿನ ಆರಂಭದಲ್ಲಿ ಹಾಕುವ ಮೂರು ಸರಪಳಿಗಳೂ ಒಂದು ಕಂಬವೆಂದೇ ಎಣಿಕೆಗೆ ಬರುತ್ತವೆ. ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಮೇಲೂ ಎರಡೆರಡು ಹಾಕಿದರೆ 24 ಆಗುವುವು. ಮೂರನೆಯದರಲ್ಲಿ ಒಂದರ ಮೇಲೆ ಎರಡು, ಮುಂದಿನದರ ಮೇಲೆ ಒಂದು; 36. ನಾಲ್ಕನೆಯದರಲ್ಲಿ ಒಂದರ ಮೇಲೆ ಎರಡು, ಮುಂದಿನ ಎರಡರ ಮೇಲೆ ಒಂದೊಂದು, 48. ಆಗತಾನೇ ಹುಟ್ಟಿದ ಕೂಸಿನ ತಲೆಯ ಸುತ್ತಳತೆಯು ಸುಮಾರು 35 ಸೆಂಟಿಮೀಟರು. ನೂಲು ಹಿಗ್ಗುವುದರಿಂದ ಕುಲಾವಿಗೆ 33 ಸಾಕು. ಆದುದರಿಂದ, ಬಿಲ್ಲೆಯ ಅಡ್ಡಗಲವು 10.5 ಸೆಂಟಿಮೀಟರು ಆದೊಡನೆ ಹೆಚ್ಚಿಸುವುದನ್ನು ನಿಲ್ಲಿಸಿ, ಕಂಬದ ಮೇಲೊಂದು ಕಂಬವನ್ನು ಹಾಕುತ್ತ ಹೋದರೆ, ಬಿಲ್ಲೆಯು ತಾನೇ ಬಾಗಿ ಕುಲಾವಿಯಾಗುತ್ತದೆ. ನೆತ್ತಿಯಿಂದ ಅಂಚಿಗೆ ಸುಮಾರು 13 ಸೆಂಟಿಮೀಟರು ಆದರೆ ಕೆಲಸವು ಮುಗಿಯಿತು.

ಪ್ರತಿ ಸುತ್ತಿಗೂ 12 ಕಂಬಗಳೇ ಏತಕ್ಕೆ ಹೆಚ್ಚಬೇಕು? ವೃತ್ತದ ತ್ರಿಜ್ಯವು ಒಂದೇ ಸಮನಾಗಿ ಬೆಳೆದರೆ ಪರಿಧಿಯೂ ಒಂದೇ ಸಮನಾಗಿ ಬೆಳೆಯುತ್ತದೆಯೆಂಬ ಸೂತ್ರವೇ ಇದಕ್ಕೆ ಕಾರಣ. ಕಡಿಮೆ ಹೆಚ್ಚಿಸಿದರೆ ಬಿಲ್ಲೆಯು ಬಟ್ಟಲಾಗುತ್ತದೆ. ಮಿತಿಮೀರಿ ಹೆಚ್ಚಿಸಿದರೆ ಅಂಚು ನಿರಿಗೆಗಟ್ಟುತ್ತದೆ. ಲಾಟ್ವಿಯಾ ದೇಶದವರಾದ ಗಣಿತಜ್ಞೆ ಡೈನಾ ತೈಮಿನಾ ಅವರು 1997ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ, ಕಾಗದದ ಮಾದರಿಗಳು ಬಾಳಿಕೆ ಬಾರದುದನ್ನು ಕಂಡು, ಇಂತಹ ನಿರಿಗೆಗಳನ್ನೇ ಬುದ್ಧಿಪೂರ್ವಕವಾಗಿ ಕ್ರೋಶಾದಲ್ಲಿ ಹೆಣೆದು, ಯೂಕ್ಲಿಡನದಲ್ಲದ ಒಂದು ಜ್ಯಾಮಿತಿಯ ತಲವನ್ನು ವಿದ್ಯಾರ್ಥಿಗಳು ಮುಟ್ಟಿ ತಿಳಿಯುವಂತೆ ಮಾಡಿದರು. ಕಡ್ಡಿಯನ್ನು ಹಿಡಿದ ಕೈ ಗಣಿತಕ್ಕೆ ದೂರವೆಂದು ಇನ್ನಾರು ಹೇಳಬಲ್ಲರು?

ಮಿಗಿಲಾದ ಪಾಠವೆಂದೆವಷ್ಟೆ, ಅದು ಬಿಚ್ಚುವ ಪಾಠ. ಕತ್ತರಿಸಿದ ಬಟ್ಟೆಯು ಮತ್ತೆ ಕೂಡಲಾರದು. ಕ್ರೋಶಾದಲ್ಲಾದರೆ ಕಡ್ಡಿಯ ಮೇಲಿರುವುದು ಒಂದೇ ಕುಣಿಕೆ. ಎಳೆದರೆ ನೂಲು ನೂಲಾಗಿಯೇ ಹಿಂದಿರುಗುತ್ತದೆ. ನಾವು ಬಾಲಕಿಯರಾಗಿದ್ದಾಗ, ನಾಲ್ಕನೆಯ ಸುತ್ತಿನಲ್ಲಿ 47 ಬಂದುದನ್ನು ಕಂಡೂ, ಮುಂದಿನ ಸುತ್ತಿನಲ್ಲಿ ಕಳ್ಳತನದಿಂದ ಒಂದು ಕಂಬವನ್ನು ತುರುಕಿ, ಲೆಕ್ಕವನ್ನು ಸರಿತೂಗಿಸಿ ಒಪ್ಪಿಸಿದೆವು. ಹೊಲಿಗೆಯ ಟೀಚರಮ್ಮನವರು ಗದರಲಿಲ್ಲ. ಕುಲಾವಿಯನ್ನು ಹಿಂದಿರುಗಿಸಿ, "ಎಲ್ಲಿ ತಪ್ಪಿತೆಂದು ನೀನೇ ಎಣಿಸಮ್ಮಾ" ಎಂದರು. ಎಣಿಸಿದೆವು, ಬಿಚ್ಚಿದೆವು, ಅತ್ತೆವು, ಮತ್ತೆ ಹೆಣೆದೆವು. ಪರೀಕ್ಷೆಯ ತಪ್ಪಿಗೆ ಕೆಂಪು ಗೀಟು ಬಿದ್ದರೆ ಅಲ್ಲಿಗೆ ಮುಗಿಯಿತು. ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದುವ ಅವಕಾಶವು ನಮ್ಮ ಹುಡುಗಿಯರಿಗೆ ಬೇರೆಲ್ಲಿ ದೊರಕುತ್ತಿದೆ?

ಮಾಡಿದ ಕೆಲಸವು ಗಾಜಿನ ಬೀರುವಿನೊಳಗೆ ಕೂಡದೆ ಒಬ್ಬರ ಉಪಯೋಗಕ್ಕೆ ಬರಬೇಕು. ಎಳೆಯ ಶಿಶುವಿನ ತಲೆಯು ಮೈಗೆ ಹೋಲಿಸಿದರೆ ದೊಡ್ಡದು. ಅಲ್ಲಿಂದ ಶಾಖವು ಬೇಗನೆ ಸೋರಿಹೋಗುತ್ತದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಆರಂಭವಾದ ಕಾಂಗರೂ ಆರೈಕೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ, ತಲೆಗೊಂದು ಟೋಪಿಯನ್ನು ತೊಡಿಸುತ್ತಾರೆ. ಆ ಟೋಪಿಗೆ ಗುಂಡಿಯಾಗಲಿ, ಲಾಡಿಯಾಗಲಿ, ಮಣಿಯಾಗಲಿ ಬೇಡ; ಒಗೆದರೆ ಬಾಳುವ ಮೆತ್ತನೆಯ ನೂಲು ಸಾಕು.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ ಎರಡೇ. ವಾರದ ಆ ಒಂದು ಪಿರಿಯಡನ್ನು ನಮಗೆ ಬಿಟ್ಟುಕೊಡಿರಿ. ಮಗಳ ಕುಲಾವಿಯು ಸೊಟ್ಟಗಿದೆಯೆಂದು ರಾತ್ರಿ ಕುಳಿತು ತಾಯಿಯೋ ಅಕ್ಕನೋ ಹೆಣೆದುಕೊಡುವುದನ್ನೂ, ಅಂಗಡಿಯದನ್ನು ಕೊಂಡುಕೊಡುವುದನ್ನೂ ದಯವಿಟ್ಟು ಬಿಡಿರಿ. ನಾವು ಅಂಕಗಳನ್ನು ಕೊಡುವುದು ಅಂದಕ್ಕಲ್ಲ, ಎಣಿಕೆಗೆ. ಮೂರು ಸಲ ಬಿಚ್ಚಿ ನಾಲ್ಕನೆಯ ಸಲ 48ನ್ನು ಸರಿಯಾಗಿ ತಂದ ಹುಡುಗಿಯ ಕುಲಾವಿಯು ಸ್ವಲ್ಪ ಸೊಟ್ಟಗಿದ್ದರೂ ಕೂಸಿನ ತಲೆಯನ್ನು ಬೆಚ್ಚಗಿಡುತ್ತದೆ. ಅಷ್ಟಾದರೆ ನಮಗೆ ಸಂತೋಷ.