ಕಂಪ್ಯೂಟರಿಗೆ ನೀರು ಕುಡಿಸುವ ಮುನ್ನ...

ನೀರು, ಕರೆಂಟು ಎರಡೂ ಒಂದೇ ಕಡೆ ಇರಬಾರದು ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವರು ನಾವು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿ ಬೈಸಿಕೊಂಡವರು. ಹೀಗಿರುವಾಗ ಯಾರಾದರೂ "ನಾನು ಕಂಪ್ಯೂಟರ್ ಒಳಗೇ ನೀರು ಹರಿಸಿದ್ದೀನಿ" ಅಂದರೆ ಕೇಳಿದವರ ಮುಖ ಹೇಗಾಗಬಹುದು, ನೀವೇ ಊಹಿಸಿ. ಒಂದೂವರೆ ವರ್ಷದಿಂದ ಆ ಮುಖಗಳನ್ನ ನೋಡ್ತಾ ಇದ್ದೀನಿ :)

ನೋಡಿದವರೆಲ್ಲ ಕೇಳೋದು ಎರಡೇ ಪ್ರಶ್ನೆ. ಒಂದು, "ಸೋರಲ್ವಾ?" ಇನ್ನೊಂದು, "ಎಷ್ಟು ಫಾಸ್ಟ್ ಆಯ್ತು?" ಸರಿಯಾಗಿ ಪರೀಕ್ಷೆ ಮಾಡಿ ಹಾಕಿದ್ದರೆ ಸೋರೋ ಸಾಧ್ಯತೆ ತುಂಬಾ ಕಮ್ಮಿ. ಇನ್ನು ಫಾಸ್ಟ್ ಅಂತೀರಾ... ಹೇಳಿಕೊಳ್ಳುವಷ್ಟು ಏನೂ ಆಗಿಲ್ಲ. ಕೇಳಲೇಬೇಕಾದ ಮೂರನೇ ಪ್ರಶ್ನೆಯನ್ನ ಮಾತ್ರ ಯಾರೂ ಕೇಳಲ್ಲ. "ಯಾಕೆ ಬೇಕಿತ್ತು?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ವೇಗಕ್ಕೋಸ್ಕರ ವಾಟರ್ ಕೂಲಿಂಗ್ ಮಾಡಬೇಡಿ. ಚಂದಕ್ಕೆ ಮಾಡೋದಾದರೆ ಚಂದಕ್ಕೆ ಅಂತ ಒಪ್ಪಿಕೊಂಡು ಮಾಡಿ. ಸದ್ದು ಕಮ್ಮಿ ಮಾಡೋಕೆ, ಕೈಯಾರೆ ಒಂದು ಯಂತ್ರ ಜೋಡಿಸಿ ಕಲಿಯೋಕೆ ಅಂತಾದರೆ ಧೈರ್ಯವಾಗಿ ಮಾಡಿ. ಆದರೆ ಮೊದಲ ಸಲ ಆದಷ್ಟು ಸಾದಾ ಆಗಿ ಮಾಡಿ.

ಇದರ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಪ್ರೊಸೆಸರ್ ತಲೆ ಮೇಲೆ ತಾಮ್ರದ ಒಂದು ಬಿಲ್ಲೆ ಕೂರುತ್ತೆ. ಅದಕ್ಕೆ ವಾಟರ್ ಬ್ಲಾಕ್ ಅಂತಾರೆ. ಅದರೊಳಗೆ ಬಾಚಣಿಗೆ ಹಲ್ಲಿನ ಥರ ಸಣ್ಣ ಸಣ್ಣ ಸಾಲುಗಳು. ನೀರು ಅವುಗಳ ನಡುವೆ ನುಗ್ಗಿ, ಬಿಸಿ ಹೊತ್ತುಕೊಂಡು, ಟ್ಯೂಬಿನಲ್ಲಿ ರೇಡಿಯೇಟರಿಗೆ ಹೋಗುತ್ತೆ. ಅಲ್ಲಿ ಫ್ಯಾನುಗಳು ಆ ಬಿಸಿಯನ್ನ ಗಾಳಿಗೆ ದಾಟಿಸುತ್ತವೆ. ತಣ್ಣಗಾದ ನೀರು ಒಂದು ಪುಟ್ಟ ಟ್ಯಾಂಕಿಗೆ, ಅಲ್ಲಿಂದ ಪಂಪಿಗೆ, ಪಂಪಿನಿಂದ ಮತ್ತೆ ಬ್ಲಾಕಿಗೆ. ಹೀಗೆ ಸುತ್ತಿ ಸುತ್ತಿ ಬರೋದಕ್ಕೇ ಲೂಪ್ ಅನ್ನೋದು. ಕಾರಿನ ಇಂಜಿನ್ನಿನಲ್ಲಿ ಇರೋದೂ ಹೆಚ್ಚು ಕಮ್ಮಿ ಇದೇ.

ಹೊಸ ವಿದ್ಯೆ ಏನಲ್ಲ. 1960ರ ದಶಕದ ಐಬಿಎಂ ಮೇನ್‌ಫ್ರೇಮುಗಳಲ್ಲೇ ನೀರಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಸರ್ಕ್ಯೂಟುಗಳನ್ನಂತೂ ಕರೆಂಟು ಹರಿಯದ ಒಂದು ದ್ರವದಲ್ಲಿ ಮುಳುಗಿಸಿಯೇ ಇಟ್ಟಿದ್ದರು. 2004ರಲ್ಲಿ ಆಪಲ್ ಕಂಪನಿ ಪವರ್ ಮ್ಯಾಕ್ ಜಿ5ನ ಒಂದು ಮಾದರಿಗೆ ಕಾರ್ಖಾನೆಯಲ್ಲೇ ದ್ರವ ತುಂಬಿ ಮಾರಿತ್ತು. ಹಾಗೆ ನೋಡಿದರೆ 1989ರ 486 ಪ್ರೊಸೆಸರುಗಳು ಶುರುವಿನಲ್ಲಿ ಫ್ಯಾನೂ ಇಲ್ಲದೆ ಓಡಿದ್ದವು. ಈಗ 2022ರ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದೇ 450 ವ್ಯಾಟ್ ತಿನ್ನುತ್ತೆ. ಒಂದು ಮಿಕ್ಸಿಯಷ್ಟು!

ಈಗ ತಪ್ಪು ತಿಳುವಳಿಕೆಗಳ ಕಡೆ ಬರೋಣ.

ಮೊದಲನೆಯದು, ನೀರು ಅಂದರೆ ತಂಪು ಅನ್ನೋದು. ನಮ್ಮ ತಲೆಯಲ್ಲಿ ಮಣ್ಣಿನ ಮಡಕೆ ಇದೆ ನೋಡಿ, ಅದರ ತಪ್ಪು ಇದು. ಮಡಕೆಯಲ್ಲಿ ನೀರು ಒಸರಿ ಆವಿಯಾಗುತ್ತೆ, ಅದಕ್ಕೇ ಸುತ್ತಲಿನ ಗಾಳಿಗಿಂತಲೂ ತಣ್ಣಗಿರುತ್ತೆ. ಕಂಪ್ಯೂಟರ್ ಲೂಪಿನಲ್ಲಿ ನೀರು ಆವಿಯಾಗೋಕೆ ದಾರಿಯಿಲ್ಲ, ಎಲ್ಲಾ ಕಡೆ ಮುಚ್ಚಿದೆ. ಹಾಗಾಗಿ ಕೋಣೆಯ ಬಿಸಿಗಿಂತ ಕೆಳಗೆ ಅದು ಯಾವ ಕಾಲಕ್ಕೂ ಇಳಿಯಲ್ಲ. ಹೊರೆ ಬಿದ್ದಾಗ ನೀರು ಕೋಣೆಗಿಂತ 10ರಿಂದ 15 ಡಿಗ್ರಿ ಮೇಲಿದ್ದರೆ ಚೆನ್ನಾಗಿ ನಡೀತಿದೆ ಅಂತ ಅರ್ಥ. ಕಲಬುರಗಿಯಲ್ಲೋ ರಾಯಚೂರಲ್ಲೋ ಮೇ ತಿಂಗಳಲ್ಲಿ ಕೋಣೆಯೇ 40 ಇದ್ದರೆ ನೀರು 50 ದಾಟುತ್ತೆ. ಪಂಪು, ಟ್ಯೂಬು ತಯಾರಿಸೋರು ಸಾಮಾನ್ಯವಾಗಿ ಹೇಳೋ ಮಿತಿ 60. ಅಂಥ ಊರಿನವರು ಪೋಸ್ಟರ್ ನೋಡಿ ಕೊಳ್ಳಬಾರದು, ಥರ್ಮಾಮೀಟರ್ ನೋಡಿ ಕೊಳ್ಳಬೇಕು.

ಎರಡನೆಯದು, ನೀರು ಹಾಕಿದರೆ ಕೋಣೆ ತಣ್ಣಗಿರುತ್ತೆ ಅನ್ನೋದು. ಇಲ್ಲ ಸ್ವಾಮಿ. ಕಂಪ್ಯೂಟರ್ 500 ವ್ಯಾಟ್ ತಿಂದರೆ ಆ 500 ವ್ಯಾಟೂ ಬಿಸಿಯಾಗಿ ಕೋಣೆಗೇ ಬರಬೇಕು, ಬೇರೆ ಎಲ್ಲಿಗೂ ಹೋಗೋಕೆ ಜಾಗ ಇಲ್ಲ. ಪಂಪಿನದು ಇನ್ನಷ್ಟು ವ್ಯಾಟ್ ಸೇರುತ್ತೆ. ನೀರು ಬಿಸಿಯನ್ನ ಕೊಲ್ಲಲ್ಲ, ಸಾಗಿಸುತ್ತೆ ಅಷ್ಟೇ. ಆದರೆ ಸಾಗಿಸೋದರಲ್ಲಿ ಅದು ಪೈಲ್ವಾನ್. ಅಷ್ಟೇ ಗಾತ್ರದ ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಬಿಸಿಯನ್ನ ಹೊರುತ್ತೆ.

ಮೂರನೆಯದು, ಯಾವುದು ಮೊದಲು ಯಾವುದು ಆಮೇಲೆ ಅನ್ನೋ ತಲೆನೋವು. ಪ್ರೊಸೆಸರ್ ಆದ ಮೇಲೆ ರೇಡಿಯೇಟರೋ, ಗ್ರಾಫಿಕ್ಸ್ ಕಾರ್ಡೋ ಅಂತ ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸೋರಿದ್ದಾರೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 4 ಲೀಟರ್ ಹರಿಯೋ ನೀರಿಗೆ 300 ವ್ಯಾಟ್ ಬಿಸಿ ಸೇರಿದರೆ ಏರೋದು ಹೆಚ್ಚುಕಮ್ಮಿ 1 ಡಿಗ್ರಿ. ಒಂದೇ ಡಿಗ್ರಿ! ಲೂಪಿನ ಎಲ್ಲಾ ಕಡೆ ನೀರು ಸುಮಾರು ಒಂದೇ ಬಿಸಿ ಇರುತ್ತೆ. ಟ್ಯೂಬ್ ಎಲ್ಲಿ ಸಲೀಸಾಗಿ ಹೋಗುತ್ತೋ ಅಲ್ಲಿ ಎಳೆಯಿರಿ. ಒಂದೇ ನಿಯಮ, ಟ್ಯಾಂಕು ಪಂಪಿಗಿಂತ ಮೇಲಿದ್ದು ನೇರ ಪಂಪಿಗೇ ನೀರು ಕೊಡಬೇಕು.

ನಾಲ್ಕನೆಯದು ವೇಗ. ಈಗಿನ ಪ್ರೊಸೆಸರುಗಳಲ್ಲಿ ತೊಂದರೆ ಇರೋದು ಬಿಸಿ ಎಷ್ಟು ಅನ್ನೋದರಲ್ಲಿ ಮಾತ್ರ ಅಲ್ಲ, ಉಗುರಿನಷ್ಟು ಜಾಗದಿಂದ ಅದು ಹೊರಗೆ ಬರೋದರಲ್ಲಿ. ಮೇಲಿನ ಲೋಹದ ಮುಚ್ಚಳ ದಾಟಿ ಬಂದ ಮೇಲಷ್ಟೇ ನೀರಿನ ಕೆಲಸ. 2022ರಲ್ಲಿ ಎಎಂಡಿ ಕಂಪನಿ ತನ್ನ ರೈಝನ್ 7000 ಸರಣಿ ಪೂರ್ತಿ ಹೊರೆಯಲ್ಲಿ 95 ಡಿಗ್ರಿಯಲ್ಲೇ ಓಡುವಂತೆ ಮಾಡಿದ್ದೀವಿ ಅಂತ ತಾನೇ ಹೇಳಿತು. ಒಂದು ಒಳ್ಳೆ ಏರ್ ಕೂಲರ್ ನಾಲ್ಕೈದು ಸಾವಿರಕ್ಕೆ ಸಿಗುತ್ತೆ, ಹೆಚ್ಚಿನವರ ಪ್ರೊಸೆಸರಿಗೆ ಅದು ಸಾಕೋ ಸಾಕು. ಗ್ರಾಫಿಕ್ಸ್ ಕಾರ್ಡಿನ ಕಥೆ ಸ್ವಲ್ಪ ಬೇರೆ, ಅಲ್ಲಿ ಚಿಪ್ಪಿಗೆ ಮುಚ್ಚಳ ಇಲ್ಲ, ಬ್ಲಾಕ್ ನೇರ ಕೂರುತ್ತೆ. ನೀರಿನ ಲಾಭ ಎದ್ದು ಕಾಣೋದು ಅಲ್ಲೇ.

ಹಾಗಾದರೆ ನಾನ್ಯಾಕೆ ಹಾಕಿದೆ? ನಮ್ಮದು ಎರಡು ಕೋಣೆಯ ಮನೆ. ಹವ್ಯಾಸಕ್ಕೆ ಯಕ್ಷಗಾನದ ವಿಡಿಯೋ ಎಡಿಟ್ ಮಾಡ್ತೀನಿ, ರೆಂಡರ್ ಆಗೋದು ರಾತ್ರಿ, ಮಗಳು ಮಲಗೋದು ಅದೇ ಕೋಣೆಯಲ್ಲಿ. ಫ್ಯಾನುಗಳು ಮೂರು ನಿಮಿಷ ಕೂಗಿ ಎರಡು ನಿಮಿಷ ಸುಮ್ಮನಿದ್ದು ಮತ್ತೆ ಕೂಗೋದಿದೆಯಲ್ಲ, ನಿದ್ದೆಗೆಡಿಸೋದು ಅದು. ನೀರಿನ ಗುಣ ಏನಂದರೆ ಅದು ನಿಧಾನಕ್ಕೆ ಬಿಸಿಯಾಗುತ್ತೆ, ನಿಧಾನಕ್ಕೆ ಆರುತ್ತೆ. ಫ್ಯಾನುಗಳನ್ನ ಪ್ರೊಸೆಸರ್ ಬದಲು ನೀರಿನ ಬಿಸಿಗೆ ತಾಳೆ ಹಾಕಿದರೆ ಈ ಏರಿಳಿತವೇ ಇರಲ್ಲ. ನಿದ್ದೆ ಅನ್ನೋದು ನಮ್ಮ ಮನೆಯಲ್ಲಿ ದುಬಾರಿ ಸಾಮಾನು, ಅದಕ್ಕೆ ನಾನು ದುಡ್ಡು ಕೊಟ್ಟೆ. ಒಟ್ಟು ಸುಮಾರು 55 ಸಾವಿರ. ಹೌದು, ನನ್ನಾಕೆ ಕೂಡ ನಿಮ್ಮ ಹಾಗೇ ಹುಬ್ಬೇರಿಸಿದಳು.

ಇನ್ನು ಕಟ್ಟೋ ವಿಷಯ. ಇಂಗ್ಲಿಷಿನಲ್ಲಿ ಓದಿದರೆ ರಾಕೆಟ್ ವಿಜ್ಞಾನದ ಥರ ಕಾಣುತ್ತೆ. ಆದರೆ ತೋಟದ ಪಂಪ್‌ಸೆಟ್ ನೋಡಿದವರಿಗೆ ಇದರಲ್ಲಿ ಅರ್ಧ ಗೊತ್ತಿರೋದೇ. ಪಂಪ್ ಒಣಗಿ ಓಡಬಾರದು, ಯಾಕಂದರೆ ಅದರ ಬೇರಿಂಗಿಗೆ ನೀರೇ ಎಣ್ಣೆ. ಶುರುವಿನಲ್ಲಿ ಪಂಪ್ "ಏರ್ ಹಿಡಿಯುತ್ತೆ". ಟ್ಯಾಂಕ್ ತುಂಬಿ, ಎರಡು ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ತುಂಬಿ... ಹೀಗೆ ಹತ್ತಾರು ಸಲ. ಕ್ಯಾಬಿನೆಟ್ಟನ್ನ ಮೆಲ್ಲಗೆ ಆಚೀಚೆ ವಾಲಿಸಿದರೆ ರೇಡಿಯೇಟರಿನಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಹೊರಗೆ ಬರುತ್ತವೆ. ನಲ್ಲಿ ಕೆಲಸದ ಒಂದು ಅಭ್ಯಾಸ ಮಾತ್ರ ಇಲ್ಲಿ ಬಿಡಬೇಕು. ಟೆಫ್ಲಾನ್ ಟೇಪ್ ಸುತ್ತೋದು ಬೇಡ, ಸ್ಪ್ಯಾನರ್ ಕೂಡ ಬೇಡ. ಇಲ್ಲಿನ ಫಿಟಿಂಗಿನಲ್ಲಿ ನೀರು ತಡೆಯೋದು ರಬ್ಬರಿನ ಓ-ರಿಂಗ್. ಕೈಯಲ್ಲಿ ಬಿಗಿ ಮಾಡಿದಷ್ಟು ಸಾಕು, ಜೋರು ಮಾಡಿದರೆ ಅಕ್ರಿಲಿಕ್ ಸೀಳುತ್ತೆ.

ಸೋರಿಕೆ ಪರೀಕ್ಷೆ. ಇಲ್ಲಿ ಅವಸರ ಮಾಡೋರು ದಯವಿಟ್ಟು ಈ ಹವ್ಯಾಸಕ್ಕೇ ಬರಬೇಡಿ. ಮದರ್‌ಬೋರ್ಡಿಗೆ, ಕಾರ್ಡಿಗೆ ಹೋಗೋ ಎಲ್ಲಾ ಕೇಬಲ್ ಕಿತ್ತು, ಪವರ್ ಸಪ್ಲೈಯ 24 ಪಿನ್ ತುದಿಗೆ ಬ್ರಿಡ್ಜ್ ಪ್ಲಗ್ ಹಾಕಿದರೆ ಪಂಪ್ ಮಾತ್ರ ಓಡುತ್ತೆ. ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಪೇಪರ್ ಇಟ್ಟು 24 ಗಂಟೆ ಬಿಡಿ. ನೀರು ಹಾಕೋ ಮೊದಲೇ ಕೈಪಂಪಿನಲ್ಲಿ ಗಾಳಿ ತುಂಬಿ ಮುಳ್ಳು ಇಳಿಯುತ್ತಾ ಅಂತ ನೋಡೋ ಮೀಟರ್ ಕೂಡ ಸಿಗುತ್ತೆ, ಅರ್ಧ ಬಾರ್ ಆಸುಪಾಸು ಸಾಕು. ನಾನು ಎರಡನ್ನೂ ಮಾಡಿದೆ. ಭಯ ಇರೋನಿಗೆ ಪರೀಕ್ಷೆ ಹೆಚ್ಚು ಅನ್ನಿಸಲ್ಲ ನೋಡಿ.

ಯಾವ ನೀರು? ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಆರ್‌ಓ ನೀರಲ್ಲೂ ಉಪ್ಪಿನಂಶ ಉಳಿದಿರುತ್ತೆ. ಡಿಸ್ಟಿಲ್ಡ್ ವಾಟರ್ ಜೊತೆಗೆ ಪಾಚಿ ಮತ್ತು ತುಕ್ಕು ತಡೆಯೋ ದ್ರಾವಣ, ಇಲ್ಲವೇ ಬಣ್ಣವಿಲ್ಲದ ರೆಡಿ ಕೂಲಂಟ್. ಡಿಸ್ಟಿಲ್ಡ್ ನೀರಲ್ಲಿ ಕರೆಂಟು ಹರಿಯಲ್ಲ, ಸೋರಿದರೂ ಪರವಾಗಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಲೂಪಿನ ಲೋಹ, ಬೋರ್ಡಿನ ಧೂಳು ತಗುಲಿದ ಮೇಲೆ ಅದೂ ಮಾಮೂಲಿ ನೀರೇ. ಇನ್ನೊಂದು ಮಾತು, ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಬೇಡಿ. ಎರಡು ಲೋಹ, ನಡುವೆ ನೀರು... ಶಾಲೆಯಲ್ಲಿ ಓದಿದ ಬ್ಯಾಟರಿ ಪಾಠ ನೆನಪಿದೆಯಲ್ಲ? ಅಲ್ಯೂಮಿನಿಯಂ ಕರಗ್ತಾ ಹೋಗುತ್ತೆ. ಹೊಸ ರೇಡಿಯೇಟರಿನಲ್ಲಿ ಕಾರ್ಖಾನೆಯ ಬೆಸುಗೆ ಕೊಳೆ ಇರುತ್ತೆ, ಮೂರು ನಾಲ್ಕು ಸಲ ತೊಳೆದೇ ಹಾಕಿ.

ಈಗ ದುಡ್ಡಿನ ವಿಷಯ. ಅಕ್ಕನ ಮಗ ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ್ದಾನೆ. ಮೊದಲ ಮೂರು ತಿಂಗಳ ಉಳಿತಾಯ ಪೂರ್ತಿ ಗಾಜಿನ ಥರ ಹೊಳೆಯೋ ಗಟ್ಟಿ ಕೊಳವೆ, ಹಾಲುಬಣ್ಣದ ಕೂಲಂಟು, ಕಾಮನಬಿಲ್ಲಿನ ಲೈಟಿಗೆ ಹಾಕೋ ಯೋಚನೆ. ಬೇಡ ಅಂದೆ. "ಮಾಮ, ನೀನು ಮಾತ್ರ ಹಾಕ್ಕೊಂಡು ನನಗೆ ಬೇಡ ಅಂತೀಯಲ್ಲ" ಅಂದ. ನ್ಯಾಯವಾದ ಮಾತು, ಹಾಗಾಗಿ ಉತ್ತರ ಕೊಡಲೇಬೇಕಾಯ್ತು.

ಶೋಕಿ ತಪ್ಪಲ್ಲ ಮಾರಾಯ. ಆದರೆ ಆ ಹಾಲುಬಣ್ಣದ ಕೂಲಂಟಿನಲ್ಲಿ ಇರೋದು ಕರಗದ ಸಣ್ಣ ಕಣಗಳು. ಅವು ಕೆಳಗೆ ಕೂತು ಬ್ಲಾಕಿನ ಸಾಲುಗಳನ್ನ ಕಟ್ಟಿಸಬಹುದು. ಗಟ್ಟಿ ಕೊಳವೆ ಬಗ್ಗಿಸೋಕೆ ಬಿಸಿಗಾಳಿ ಗನ್, ಅಚ್ಚು, ತಾಳ್ಮೆ, ಹಾಳು ಮಾಡೋಕೆ ಅಂತಲೇ ನಾಲ್ಕು ಕೊಳವೆ ಬೇಕು. ಮೊದಲ ಸಲಕ್ಕೆ ಕಪ್ಪು ರಬ್ಬರ್ ಟ್ಯೂಬ್ ಸಾಕು. ಕತ್ತರಿಯಲ್ಲಿ ಕತ್ತರಿಸಿ ಸಿಕ್ಕಿಸಿದರೆ ಆಯ್ತು, ಬೆಳಕಿಲ್ಲದ ಕಡೆ ಪಾಚಿಯೂ ಕಟ್ಟಲ್ಲ. ಉಳಿದ ದುಡ್ಡು ರೇಡಿಯೇಟರಿಗೆ ಹಾಕು. 100 ವ್ಯಾಟಿಗೆ ಒಂದು 120 ಮಿಲಿಮೀಟರ್ ಫ್ಯಾನಿನಷ್ಟು ಜಾಗ ಅನ್ನೋದು ರೂಢಿಯ ಲೆಕ್ಕ. ನನ್ನದು ಸುಮಾರು 450 ವ್ಯಾಟ್, ಫ್ಯಾನು ಐದು. ಜಾಗ ಹೆಚ್ಚಾದಷ್ಟೂ ಫ್ಯಾನು ನಿಧಾನ, ಸದ್ದು ಕಮ್ಮಿ. ಆದರೆ ಇದೆಲ್ಲಕ್ಕಿಂತ ಮೊದಲು ನಿನ್ನ ಹತ್ತಿರ ಯುಪಿಎಸ್ ಇದೆಯಾ? ಫೋಟೋಗಳ ಬ್ಯಾಕಪ್ ಇದೆಯಾ? ಎರಡೂ ಇಲ್ಲದವನು ಮದರ್‌ಬೋರ್ಡಿನ ಮೇಲೆ ನೀರಿನ ಕೊಳವೆ ಎಳೆಯಬಾರದು. ಇಷ್ಟು ಹೇಳಿದೆ. ಈಗ ಬ್ಯಾಕಪ್ ಡಿಸ್ಕ್ ತಗೊಂಡಿದ್ದಾನೆ, ಲೂಪಿನ ಆಸೆಯನ್ನೇನೂ ಬಿಟ್ಟಿಲ್ಲ. ಒಳ್ಳೆಯದೇ.

ಲೂಪ್ ಅಂದರೆ ಹಸು ಕಟ್ಟಿದ ಹಾಗೆ, ಕಟ್ಟಿದ ಮೇಲೆ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ನೀರು ಇಳಿಸಿ ಬದಲಾಯಿಸಬೇಕು, ಅದಕ್ಕೆ ಕಟ್ಟುವಾಗಲೇ ಎಲ್ಲಕ್ಕಿಂತ ಕೆಳಗೆ ಒಂದು ಡ್ರೈನ್ ವಾಲ್ವ್ ಇಡಿ. ಬೆಂಗಳೂರಿನ ರಸ್ತೆ, ಕಟ್ಟಡದ ಧೂಳಿಗೆ ರೇಡಿಯೇಟರ್ ಎರಡು ಮೂರು ತಿಂಗಳಿಗೇ ಮಂಕಾಗುತ್ತೆ, ಬ್ರಷ್ ಹಿಡಿಯಬೇಕು. ಪಂಪಿನ ವೇಗ ತಿಳಿಸೋ ತಂತಿಯನ್ನ ಬೋರ್ಡಿನ ಸಿಪಿಯು ಫ್ಯಾನ್ ಪಿನ್ನಿಗೇ ಕೊಡಿ. ಪಂಪ್ ನಿಂತರೆ ಬೋರ್ಡೇ ಎಚ್ಚರಿಸುತ್ತೆ, ಪ್ರೊಸೆಸರ್ ಕೂಡ ತಾನೇ ವೇಗ ಇಳಿಸಿ ಕೊನೆಗೆ ಆಫ್ ಆಗುತ್ತೆ. ಬೆಂಕಿ ಗಿಂಕಿ ಏನಿಲ್ಲ, ಹೆದರಬೇಡಿ.

ಇಷ್ಟೆಲ್ಲ ಕೆಲಸ ಬೇಡ ಅನ್ನೋರಿಗೆ ಕಾರ್ಖಾನೆಯಲ್ಲೇ ಮುಚ್ಚಿ ಬರೋ ರೆಡಿಮೇಡ್ ವಾಟರ್ ಕೂಲರ್ ಇದೆ, ಇಲ್ಲವೇ ಆ ನಾಲ್ಕೈದು ಸಾವಿರದ ಏರ್ ಕೂಲರ್ ಇದೆ. ಅದನ್ನ ಕೊಂಡೋರು ಯಾರಿಗೂ ಕಮ್ಮಿ ಅಲ್ಲ. ಆದರೆ ನಾವೀಗ ಕೊಳ್ಳೋ ಸಾಮಾನುಗಳೆಲ್ಲ ಅಂಟು ಹಾಕಿ ಮುಚ್ಚಿದವು, ಬಿಚ್ಚಿದರೆ ವಾರಂಟಿ ಹೋಗೋವು. ಒಳಗೆ ಏನು ಹರಿಯುತ್ತೆ, ಎಲ್ಲಿಗೆ ಹರಿಯುತ್ತೆ, ನಿಂತರೆ ಏನಾಗುತ್ತೆ ಅಂತ ತನಗೇ ಪೂರ್ತಿ ಗೊತ್ತಿರೋ ಒಂದಾದರೂ ಯಂತ್ರ ಮನೆಯಲ್ಲಿ ಇರೋದು ಒಳ್ಳೆಯದು ಅನ್ನೋದು ನನ್ನ ಅನಿಸಿಕೆ. ಅದು ಕಂಪ್ಯೂಟರೇ ಆಗಬೇಕಿಲ್ಲ, ಹಳೇ ಸ್ಕೂಟರ್ ಆದರೂ ಸರಿ.

ನಿಮ್ಮಲ್ಲಿ ಯಾರಾದರೂ ನೀರು ಹರಿಸಿದವರಿದ್ದರೆ, ಹರಿಸಿ ಬೇಸತ್ತು ಮತ್ತೆ ಗಾಳಿಗೇ ಬಂದವರಿದ್ದರೆ, ಬರೆಯಿರಿ. ಎರಡನೆಯವರ ಅನುಭವವನ್ನೇ ನಾನು ಹೆಚ್ಚು ಕುತೂಹಲದಿಂದ ಓದ್ತೀನಿ :)