ಉದ್ಘಾಟನೆಯ ಮರುದಿನದ ಖರ್ಚು ಯಾರದು?

ಜಹೀರಾಬಾದ್‌ ಪಕ್ಕದ ಪಸ್ತಾಪುರದಿಂದ ಬೀದರ್‌ಗೆ ಸುಮಾರು 30 ಕಿ.ಮೀ., ಹೈದರಾಬಾದ್‌ಗೆ ಸುಮಾರು 100 ಕಿ.ಮೀ. ಜಹೀರಾಬಾದ್‌ ತಾಲ್ಲೂಕಿನ ಬಹುಭಾಗ ಮತ್ತು ನಾರಾಯಣಖೇಡ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್‌ ಜಿಲ್ಲೆಯಿಂದ ಬೇರ್ಪಟ್ಟು ಈಗಿನ ತೆಲಂಗಾಣದ ಕಡೆಗೆ ಸೇರಿದವು. ಈ ಸೀಮೆಯ ಹೆಸರನ್ನು ಕಡಲಾಚೆಗೂ ಒಯ್ದ ಕಲೆ ಬಿದ್ರಿ. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್‌ ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಕೆಲಸ ಅದು. ಅದರ ಹಳೆಯ, ಉತ್ಕೃಷ್ಟ ಮಾದರಿಗಳನ್ನು ನೋಡಲು ಹೈದರಾಬಾದಿನ ಸಾಲಾರ್‌ ಜಂಗ್‌ ವಸ್ತುಸಂಗ್ರಹಾಲಯಕ್ಕೋ ಲಂಡನ್ನಿನ ವಿಕ್ಟೋರಿಯಾ ಅಂಡ್‌ ಆಲ್ಬರ್ಟ್‌ಗೋ ಹೋಗಬೇಕು. ಊರಿನ ಕಲೆ ಊರಿನವರ ಕಣ್ಣಿಗೆ ಬೀಳಬೇಕೆಂದರೆ ಇಲ್ಲೊಂದು ಸಂಗ್ರಹಾಲಯ ಬೇಕು ಎನ್ನುವುದು ಸುಲಭ. ಅದಕ್ಕೆ ಹಣ ಕೊಡುವವರು ಸರ್ಕಾರವೋ ಖಾಸಗಿಯವರೋ ಎಂದು ವಾದಿಸುವುದೂ ಸುಲಭವೇ. ಕಲಾ ಸಂಗ್ರಹಾಲಯಗಳ ಭವಿಷ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಈ ಎರಡು ಕಂಬಗಳ ನಡುವೆಯೇ ಸುತ್ತುತ್ತದೆ. ಆದರೆ ಸಂಗ್ರಹಾಲಯ ಉಳಿಯುವುದೋ ಅಳಿಯುವುದೋ ಎಂಬುದನ್ನು ತೀರ್ಮಾನಿಸುವುದು ಹಣ ಬರುವ ಮೂಲಕ್ಕಿಂತ ಹೆಚ್ಚಾಗಿ ಆ ಹಣದ ಬಗೆ. ಕಟ್ಟಲು ಹಣ ಹೇಗೋ ಹುಟ್ಟುತ್ತದೆ. ವರ್ಷ ವರ್ಷ ನಡೆಸಲು ಹುಟ್ಟುವುದಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ಪ್ರಕರಣವನ್ನು ಈ ಕಣ್ಣಿನಿಂದ ಮತ್ತೆ ನೋಡಬೇಕು. ಅವನೀಂದ್ರನಾಥ ಠಾಕೂರರ ಶಿಷ್ಯ, ಮೈಸೂರು ಅರಮನೆಯ ಕಲಾವಿದ ಕೆ.ವೆಂಕಟಪ್ಪ ಅವರ ಕೃತಿಗಳಿರುವ ಈ ಸರ್ಕಾರಿ ಗ್ಯಾಲರಿ, ಕಡಿಮೆ ಬಾಡಿಗೆಗೆ ಪ್ರದರ್ಶನ ನಡೆಸಲು ಜಾಗ ಕೊಡುತ್ತಿದ್ದುದರಿಂದ ಹೊಸ ಕಲಾವಿದರಿಗೆ ಆಸರೆಯಾಗಿತ್ತು. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ಅದನ್ನು ತಸ್ವೀರ್‌ ಫೌಂಡೇಷನ್‌ಗೆ ‘ದತ್ತು’ ಕೊಡುವ ಒಪ್ಪಂದ ಮಾಡಿಕೊಂಡಿತು. 2016ರಲ್ಲಿ ಕಲಾವಿದರು ಬೀದಿಗಿಳಿದರು. ಒಪ್ಪಂದ ಕೈಗೂಡಲಿಲ್ಲ. ಆ ಫೌಂಡೇಷನ್‌ನ ಹಿಂದಿದ್ದ ಅಭಿಷೇಕ್‌ ಪೊದ್ದಾರ್‌ ಅವರು ಸ್ಥಾಪಿಸಿದ ಮ್ಯೂಸಿಯಂ ಆಫ್‌ ಆರ್ಟ್‌ ಅಂಡ್‌ ಫೋಟೋಗ್ರಫಿ 2023ರ ಫೆಬ್ರುವರಿಯಲ್ಲಿ ಅದೇ ರಸ್ತೆಯಲ್ಲಿ, ಸ್ವಂತ ಕಟ್ಟಡದಲ್ಲಿ ತೆರೆಯಿತು. ಸಾರ್ವಜನಿಕ ಸ್ವತ್ತು ಸಾರ್ವಜನಿಕರಲ್ಲೇ ಉಳಿಯಿತು, ಖಾಸಗಿ ಸಂಗ್ರಹಕ್ಕೆ ಅದರದೇ ಮನೆಯಾಯಿತು. ಒಡೆತನದ ಮಟ್ಟಿಗೆ ಇದು ನ್ಯಾಯವಾದ ಮುಕ್ತಾಯ. ಆದರೆ ದತ್ತು ಕೊಡುವ ಆಲೋಚನೆ ಸರ್ಕಾರಕ್ಕೆ ಬಂದದ್ದೇಕೆ ಎಂಬ ಪ್ರಶ್ನೆ ಹಾಗೇ ಉಳಿದಿದೆ. ನಿರ್ವಹಣೆಗೆ ಭರವಸೆಯ ಬಾಬತ್ತು ಇಲ್ಲದ ಸಂಸ್ಥೆ ಸೊರಗುತ್ತದೆ. ಸೊರಗಿದ್ದನ್ನೇ ತೋರಿಸಿ ಅದನ್ನು ಕೈದಾಟಿಸಲಾಗುತ್ತದೆ.

ಹೈದರಾಬಾದಿನ ಎರಡು ಸಂಗ್ರಹಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ಸಾಲಾರ್‌ ಜಂಗ್‌ ಮೂಲತಃ ಒಂದು ಮನೆತನದ ಸಂಗ್ರಹ. 1951ರಲ್ಲಿ ಜನರಿಗೆ ತೆರೆದ ಅದನ್ನು 1961ರ ಸಂಸತ್ತಿನ ಕಾಯ್ದೆ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಅಂದಿನಿಂದ ಅದಕ್ಕೆ ಕೇಂದ್ರದ ಅನುದಾನದ ಆಧಾರವಿದೆ. ಜಗದೀಶ್‌ ಮತ್ತು ಕಮಲಾ ಮಿತ್ತಲ್‌ ದಂಪತಿಯ ಸಂಗ್ರಹವೂ ಒಂದು ಮನೆಯದೇ. ಬಿದ್ರಿ ಮತ್ತು ದಖ್ಖನಿ ಚಿತ್ರಕಲೆಯ ಮಟ್ಟಿಗೆ ದೇಶದ ಅತ್ಯುತ್ತಮ ಸಂಗ್ರಹಗಳಲ್ಲಿ ಒಂದಾದ ಅದನ್ನು ಅವರು 1976ರಲ್ಲೇ ಟ್ರಸ್ಟ್‌ಗೆ ಒಪ್ಪಿಸಿದರು. ದಾನಿಗಳ ಉದಾರತೆಯಲ್ಲಿ ಕೊರತೆಯಿರಲಿಲ್ಲ, ವಿದ್ವತ್ತಿನಲ್ಲೂ ಇರಲಿಲ್ಲ. ಆದರೂ ಸಂಗ್ರಹ ದಶಕಗಳ ಕಾಲ ವಿದ್ವಾಂಸರಿಗಷ್ಟೇ ಪರಿಚಿತವಾಗಿ ಉಳಿಯಿತು. ಎರಡರ ನಡುವಿನ ಅಂತರಕ್ಕೆ ಕಾರಣ ಕಲಾವಸ್ತುಗಳ ಗುಣವಲ್ಲ, ಒಂದರ ಬೆನ್ನಿಗಿದ್ದ ಕಾಯಂ ಬಾಬತ್ತು.

ಸರ್ಕಾರಕ್ಕೆ ಆಗದಿದ್ದರೆ ಕಂಪನಿಗಳಿವೆಯಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ ಪ್ರಕಾರ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಕಲೆ, ಸಂಸ್ಕೃತಿ, ಕರಕುಶಲಗಳು ಅದರ ಪಟ್ಟಿಯಲ್ಲಿವೆ. ಕಾರ್ಖಾನೆ ಇರುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಜಹೀರಾಬಾದಿನಲ್ಲಿ ಮಹೀಂದ್ರ ಟ್ರ್ಯಾಕ್ಟರ್‌ ಕಾರ್ಖಾನೆ ಇದೆ. ನ್ಯಾಲ್‌ಕಲ್‌, ಝರಾಸಂಗಂ ಮಂಡಲಗಳಲ್ಲಿ 12 ಸಾವಿರಕ್ಕೂ ಹೆಚ್ಚು ಎಕರೆಯ ಕೈಗಾರಿಕಾ ವಲಯ ರೂಪುಗೊಳ್ಳುತ್ತಿದೆ. ಹಣವಿಲ್ಲದ ಸೀಮೆ ಇದಲ್ಲ. ತೊಡಕಿರುವುದು ನಿಯಮದಲ್ಲಿ. 2021ರ ತಿದ್ದುಪಡಿಯ ನಂತರ, ಒಂದು ಸಂಸ್ಥೆಯ ಮೂಲನಿಧಿಗೆ ಕೊಟ್ಟ ದೇಣಿಗೆ ಈ ಶೇ 2ರ ಲೆಕ್ಕಕ್ಕೆ ಬರುವುದಿಲ್ಲ. ಬಹುವಾರ್ಷಿಕ ಯೋಜನೆ ಆರಂಭದ ವರ್ಷ ಬಿಟ್ಟು ಮೂರು ವರ್ಷ ಮೀರುವಂತಿಲ್ಲ. ಅದೇ ಹಣದಲ್ಲಿ ಸಾರ್ವಜನಿಕ ಟ್ರಸ್ಟ್‌ಗೋ ಸರ್ಕಾರಿ ಸಂಸ್ಥೆಗೋ ಆಸ್ತಿ ಮಾಡಿಕೊಡಲು ಮಾತ್ರ ಅಡ್ಡಿಯಿಲ್ಲ. ಮೂಲನಿಧಿಯ ಹೆಸರಿನಲ್ಲಿ ಹಣ ಬಚ್ಚಿಡುವುದನ್ನು ತಡೆಯುವ ಉದ್ದೇಶ ಸರಿಯೇ ಇರಬಹುದು. ಪರಿಣಾಮವಾಗಿ, ಕಂಪನಿಯೊಂದು ಸಂಗ್ರಹಾಲಯಕ್ಕೆ ಗಾಜಿನ ಕಟ್ಟಡ ಕಟ್ಟಿಸಬಹುದು, ಅದರೊಳಗೆ 20 ವರ್ಷ ಕೆಲಸ ಮಾಡಬೇಕಾದ ಸಂರಕ್ಷಣಾ ತಜ್ಞರ ಸಂಬಳಕ್ಕೆ ಗಂಟು ಇಡಲಾರದು.

ಬೇಕಿರುವುದು ಚಿಕ್ಕದಾದರೂ ತಪ್ಪದೆ ಬರುವ ಸ್ಥಳೀಯ ಸಾರ್ವಜನಿಕ ಹಣ. ಅಮೆರಿಕದ ಡೆಟ್ರಾಯಿಟ್‌ ಕಲಾ ಸಂಗ್ರಹಾಲಯಕ್ಕಾಗಿ 2012ರಲ್ಲಿ ಸುತ್ತಲಿನ ಮೂರು ಕೌಂಟಿಗಳ ಮತದಾರರು ಆಸ್ತಿ ತೆರಿಗೆಯ ಮೇಲೊಂದು ಸಣ್ಣ ಹೆಚ್ಚುವರಿಯನ್ನು ಒಪ್ಪಿಕೊಂಡರು. ತೆರಿಗೆಗೆ ಒಳಪಡುವ ಪ್ರತಿ ಸಾವಿರ ಡಾಲರ್‌ ಮೌಲ್ಯಕ್ಕೆ 20 ಸೆಂಟ್‌. ಪ್ರತಿಯಾಗಿ ಆ ನಿವಾಸಿಗಳಿಗೆ ಪ್ರವೇಶ ಉಚಿತವಾಯಿತು. ಮರುವರ್ಷ ನಗರವೇ ದಿವಾಳಿಯಾಗಿ ಸಾಲ ಕೊಟ್ಟವರ ಕಣ್ಣು ಕಲಾಕೃತಿಗಳ ಮೇಲೆ ಬಿದ್ದಾಗ, ಪ್ರತಿಷ್ಠಾನಗಳು, ರಾಜ್ಯ ಮತ್ತು ದಾನಿಗಳು ಸೇರಿ 80 ಕೋಟಿ ಡಾಲರ್‌ಗೂ ಮಿಕ್ಕಿದ ನಿಧಿ ಹೊಂದಿಸಿ ಸಂಗ್ರಹವನ್ನು ಉಳಿಸಿದರು. 2020ರಲ್ಲಿ ಮತದಾರರು ತೆರಿಗೆಯನ್ನು ನವೀಕರಿಸಿದರು. ನಮಗೂ ಈ ದಾರಿ ಹೊಸದಲ್ಲ. ಗ್ರಂಥಾಲಯಗಳಿಗಾಗಿ ಆಸ್ತಿ ತೆರಿಗೆಯ ಜೊತೆ ಸೆಸ್‌ ವಸೂಲು ಮಾಡುವ ಕಾನೂನು ಕರ್ನಾಟಕದಲ್ಲೂ ತೆಲಂಗಾಣದಲ್ಲೂ ದಶಕಗಳಿಂದ ಇದೆ. ಕರ್ನಾಟಕದಲ್ಲಿ ಅದು ಶೇ 6, ತೆಲಂಗಾಣದಲ್ಲಿ ಶೇ 8. ಇದರ ಮೇಲೆ ಅತಿ ಸಣ್ಣ ಪಾಲೊಂದನ್ನು ಜಿಲ್ಲಾ ಸಂಗ್ರಹಾಲಯಕ್ಕೆಂದು ಸೇರಿಸುವುದು ಕಾನೂನಿನ ದೃಷ್ಟಿಯಿಂದ ಕಷ್ಟದ ಕೆಲಸವಲ್ಲ. ಗ್ರಂಥಾಲಯದ ಪಾಲನ್ನು ಮಾತ್ರ ಕಿತ್ತುಕೊಳ್ಳಬಾರದು.

ಆಕ್ಷೇಪಗಳಿವೆ. ಒಂದು, ಇರುವ ಸೆಸ್‌ ಹಣವನ್ನೇ ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ದಾಟಿಸದೆ ಬಾಕಿ ಉಳಿಸಿಕೊಳ್ಳುತ್ತವೆ. ಇದು ನಿಜ, ಆದ್ದರಿಂದ ಹೊಸ ಪಾಲು ವಸೂಲಾದ ದಿನವೇ ಬೇರೆ ಖಾತೆಗೆ ಸೇರುವ ವ್ಯವಸ್ಥೆ ಕಾನೂನಿನಲ್ಲೇ ಇರಬೇಕು. ಎರಡು, ಸರ್ಕಾರದ ಹಣ ಸೋಮಾರಿತನ ತರುತ್ತದೆ, ಖಾಸಗಿಯವರು ಚುರುಕಾಗಿ ನಡೆಸುತ್ತಾರೆ. ಚುರುಕಿನ ಮಾತು ಒಪ್ಪುವಂಥದ್ದೇ. ಆದರೆ ದಾನಿಯ ಹೆಸರಿಗೆ ಕಟ್ಟಿಕೊಂಡ ಸಂಗ್ರಹಾಲಯ ದಾನಿಯ ಹೆಸರು ಕೆಟ್ಟಾಗ ತಾನೂ ಮುಜುಗರಪಡುತ್ತದೆ. ನೋವು ನಿವಾರಕ ಮಾತ್ರೆಗಳ ಚಟದ ವಿವಾದದಲ್ಲಿ ಸಿಕ್ಕ ಸ್ಯಾಕ್ಲರ್‌ ಕುಟುಂಬದ ಹೆಸರನ್ನು ಪ್ಯಾರಿಸಿನ ಲೂವ್ರ್‌ 2019ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ 2021ರಲ್ಲಿ ತೆಗೆದುಹಾಕಬೇಕಾಯಿತು. ಇರುವ ಸಂಸ್ಥೆಗೇ ತಮ್ಮ ಸಂಗ್ರಹವನ್ನು ಕೊಟ್ಟವರೂ ಇದ್ದಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಉದ್ಯಮಿ ಎಚ್‌.ಕೆ.ಕೇಜ್ರಿವಾಲ್‌ ಕೊಟ್ಟದ್ದು ಹಾಗೆ. ಅನುಸರಿಸಬೇಕಾದ ಮಾದರಿ ಅದು. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಮಳೆ ನಂಬಿ ಬದುಕುವ ಹಳ್ಳಿಗಳಿರುವ ಸೀಮೆಯಲ್ಲಿ ಕಲೆಗೆ ತೆರಿಗೆಯೇ?

ಇದಕ್ಕೆ ಉತ್ತರ ಪಸ್ತಾಪುರದಲ್ಲೇ ಇದೆ. ಮೈಸೂರು ಮೂಲದ ಪಿ.ವಿ.ಸತೀಶ್‌ ಮತ್ತು ಸಂಗಡಿಗರು 1983ರಲ್ಲಿ ಆರಂಭಿಸಿದ ಡೆಕ್ಕನ್‌ ಡೆವಲಪ್‌ಮೆಂಟ್‌ ಸೊಸೈಟಿಯ ನೆಲೆ ಇದು. ಇಲ್ಲಿನ ಸಂಘದ ಮಹಿಳೆಯರು, ಹೆಚ್ಚಿನವರು ದಲಿತರು, ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಜೋಳ, ನವಣೆ, ಸಾಮೆ, ತೊಗರಿಗಳ ನಾಟಿ ತಳಿಗಳನ್ನು ಹೇರಿಕೊಂಡು ಊರಿಂದೂರಿಗೆ ಜಾತ್ರೆ ಹೊರಡುತ್ತಾರೆ. 2008ರಿಂದ ಮಾಚನೂರಿನಲ್ಲಿ ತಮ್ಮದೇ ಸಂಘಂ ರೇಡಿಯೊ ನಡೆಸುತ್ತಿದ್ದಾರೆ. ಸಂಗ್ರಹ, ಪ್ರದರ್ಶನ, ವಿವರಣೆ, ದಾಖಲೆ ಎಂಬ ಸಂಗ್ರಹಾಲಯದ ನಾಲ್ಕೂ ಕೆಲಸ ಇಲ್ಲಿ ನಡೆಯುತ್ತಿದೆ, ಬಿತ್ತನೆ ಬೀಜವೂ ಕೈಗೆ ಸಿಗುತ್ತಿದೆ. ಸಂಗ್ರಹಾಲಯ ಬಡವರ ಸೀಮೆಗೆ ದುಬಾರಿ ಎನಿಸುವುದು ಅದನ್ನು ಕಟ್ಟಡವೆಂದು ಎಣಿಸಿದಾಗ. ಕಸಬಿಗೆ ನೆರವಾಗುವ ಸಂಸ್ಥೆಯೆಂದು ಎಣಿಸಿದರೆ ಖರ್ಚಿನ ಪಟ್ಟಿ ಬೇರೆಯಾಗುತ್ತದೆ: ಬಾಡಿಗೆಯ ಕೋಣೆಗಳು, ಶಾಲೆಗಳಿಗೆ ಹೋಗುವ ಒಂದು ವಾಹನ, ಸಾಲಾರ್‌ ಜಂಗ್‌ ಉಗ್ರಾಣದಿಂದ ಎರವಲು ತಂದ ಕೆಲವು ಬಿದ್ರಿ ಹೂಜಿ, ಹುಕ್ಕಾಗಳು, ಅವುಗಳ ಎದುರು ಕೂತು ಹಳೆಯ ವಿನ್ಯಾಸಗಳನ್ನು ಮತ್ತೆ ಕೆತ್ತುವ ಕುಶಲಕರ್ಮಿಗೆ ಗೌರವಧನ. ಬೆಳ್ಳಿಯ ಬೆಲೆ ಏರಿದಂತೆಲ್ಲ ಕೈಯಿಂದ ಬಂಡವಾಳ ಹಾಕಲಾರದೆ ಒದ್ದಾಡುವವನಿಗೆ ಈ ಕೊನೆಯ ಬಾಬತ್ತು ಅಲಂಕಾರವಲ್ಲ, ಕೂಲಿ.

ಮೂರು ಕೆಲಸ ಒಟ್ಟಿಗೆ ಆಗಬೇಕು. ತೆಲಂಗಾಣ ಮತ್ತು ಕರ್ನಾಟಕ ಸೆಸ್‌ ಪಾಲನ್ನು ಕಾನೂನಾಗಿಸಿ, ಬೀದರ್‌–ಸಂಗಾರೆಡ್ಡಿ ಜಿಲ್ಲೆಗಳಿಗೆ ಜಂಟಿ ಮಂಡಳಿ ರಚಿಸಬೇಕು. ಅದರಲ್ಲಿ ಕುಶಲಕರ್ಮಿಗಳಿಗೆ ಮತಾಧಿಕಾರವಿರಬೇಕು, ಲೆಕ್ಕಪತ್ರ ಪ್ರತಿ ವರ್ಷ ಬಹಿರಂಗವಾಗಬೇಕು. ಲೆಕ್ಕ ಪರಿಶೋಧನೆಗೆ ಒಳಪಟ್ಟ ಸಾರ್ವಜನಿಕ ಸಂಗ್ರಹಾಲಯಗಳ ಮೂಲನಿಧಿಗೆ ಕೊಡುವ ದೇಣಿಗೆಯನ್ನು ಕೇಂದ್ರ ಸರ್ಕಾರ ಶೇ 2ರ ಲೆಕ್ಕಕ್ಕೆ ಸೇರಿಸಬೇಕು. ಹತ್ತು ವರ್ಷದ ನಿರ್ವಹಣಾ ವೆಚ್ಚದ ಮೂಲ ತೋರಿಸದ ಯಾವ ಹೊಸ ಸಂಗ್ರಹಾಲಯಕ್ಕೂ, ಅದು ಸರ್ಕಾರದ್ದಾಗಲಿ ಕಂಪನಿಯದ್ದಾಗಲಿ, ಸಾರ್ವಜನಿಕ ಜಮೀನು ಕೊಡಬಾರದು. ಈ ಷರತ್ತಿನಿಂದ ಕೆಲವು ಶಂಕುಸ್ಥಾಪನೆಗಳು ತಪ್ಪಿಹೋಗುತ್ತವೆ. ತಪ್ಪಲಿ, ಬೀಗ ಹಾಕಿದ ಸಂಗ್ರಹಾಲಯಗಳ ಸಂಖ್ಯೆಯೂ ಅಷ್ಟೇ ಕಡಿಮೆಯಾಗುತ್ತದೆ.