ಮುಖ ನಮ್ಮದು, ಹೆಸರು ಅವರದು

ಸರ್ವಜ್ಞ ನಮ್ಮೂರವನು ಎಂದು ಮಾಸೂರಿನ ನಮಗೆ ಸಣ್ಣಂದಿನಿಂದ ಹೇಳಿಕೊಟ್ಟಿದ್ದಾರೆ. ಮಾಸೂರಿನ ಬಸವರಸನಿಗೂ ಕುಂಬಾರ ಮಾಳಿಗೂ ಹುಟ್ಟಿದವನು ಎಂಬುದು ಜನರ ಬಾಯಲ್ಲಿರುವ ಕತೆ. ಅವನ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಆದರೂ ಶಾಲೆಯ ಗೋಡೆಯ ಮೇಲೆ ಅವನಿಗೊಂದು ಮುಖ ಬರೆದಿದ್ದೇವೆ. 2009ರಲ್ಲಿ ಚೆನ್ನೈಯಲ್ಲಿ ಅವನ ಪ್ರತಿಮೆಯೂ ನಿಂತಿತು. ಹೆಸರಿತ್ತು, ಅದಕ್ಕೆ ಮುಖ ಸಿಕ್ಕಿತು.

ನಮ್ಮ ಕೇರಿಯ ಅಜ್ಜನದು ಇದರ ತಿರುವುಮುರುವು. ಅವನ ಮುಖ ಊರೂರು ತಿರುಗಿ ಬಹುಮಾನ ತಂದಿದೆ. ಹೆಸರು ಮಾತ್ರ ಎಲ್ಲೂ ಇಲ್ಲ.

ಸಂಗತಿ ಇಷ್ಟು. ಕೆಲವು ವರ್ಷಗಳ ಹಿಂದೆ ಚಳಿಗಾಲದ ಒಂದು ಬೆಳಿಗ್ಗೆ ಪಟ್ಟಣದಿಂದ ಆರೇಳು ಜನ ಛಾಯಾಗ್ರಾಹಕರು ನಮ್ಮ ಕೇರಿಗೆ ಬಂದರು. ಅಜ್ಜ ಹಲಗೆ ಬಾರಿಸುವವನು. ಥಂಡಿಗೆ ಹಲಗೆಯ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಹಿಡಿದು ಕಾಸಿದರೆ ಬಿಗಿಯಾಗಿ ದನಿ ಏರುತ್ತದೆ. ಬಂದವರಿಗೆ ದನಿ ಬೇಕಾಗಿರಲಿಲ್ಲ, ಬೆಂಕಿ ಬೇಕಾಗಿತ್ತು. 'ಇನ್ನೊಮ್ಮೆ ಕಾಸ್ರಿ ಅಜ್ಜಾರ, ಕಿಡಿ ಹಾರ್ಲಿ. ಅಂಗಿ ಬಿಚ್ರಿ. ನಗಬ್ಯಾಡ್ರಿ.' ಹೀಗೆ ಎರಡು ತಾಸು. ಕಡೆಗೆ ಚರ್ಮ ಪಟ್ಟನೆ ಹರಿಯಿತು. ಹರಿದದ್ದನ್ನೂ ತೆಗೆದುಕೊಂಡರು. ಚಹಾಕ್ಕೆಂದು ನೂರು ರೂಪಾಯಿ ಕೊಟ್ಟು ಹೋದರು. ಹೊಸ ಚರ್ಮ ಹಾಕಿಸಲು ಅಜ್ಜ ಸಾಲ ಮಾಡಿದ.

ಡಿಗ್ರಿ ಓದಲು ಪಟ್ಟಣ ಸೇರಿದ ನಾವು ಮುಂದೊಂದು ದಿನ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಹೋದೆವು. ಒಂದು ಗೋಡೆಯ ತುಂಬ ಮುಖಗಳು, ಎದುರು ಗೋಡೆಯ ತುಂಬ ವಾದ್ಯಗಳು. ಮುಖಗಳ ಸಾಲಿನಲ್ಲಿ ನಮ್ಮಜ್ಜ! ಬೆಂಕಿ, ಕಿಡಿ, ಬರಿಮೈ, ಸುಕ್ಕು. ಕೆಳಗೆ 'ಹಳ್ಳಿಯ ನಾದ' ಎಂಬ ಶೀರ್ಷಿಕೆ, ತೆಗೆದವರ ಹೆಸರು, ಎರಡನೇ ಬಹುಮಾನದ ಚೀಟಿ.

ಅಲ್ಲಿ ಛಾಯಾಗ್ರಾಹಕರು ಒಬ್ಬರ ಪಟ ಒಬ್ಬರು ನೋಡಿ ತಲೆದೂಗುತ್ತಿದ್ದರು. 'ನಿಮ್ಮ ಮುದುಕ ಮಸ್ತ್ ಬಂದಾನ್ರೀ.' 'ನಿಮ್ಮ ವೀಣೆ ಏನು ಕಡಿಮೆಯೇ, ಆ ಬೆಳಕು ನೋಡ್ರಿ.' ಸುಕ್ಕಿನ ಆಳ ಅಳೆದರು, ಕಪ್ಪು ಬಿಳುಪಿನ ಹದ ಅಳೆದರು. ಆ ಮುದುಕ ಉಂಡಿದ್ದನೇ ಎಂದು ಒಬ್ಬರೂ ಕೇಳಲಿಲ್ಲ.

ಗೆಳೆಯರೇ, ಕಲಾವಿದರು ಪರಸ್ಪರ ಮೆಚ್ಚಿಕೊಳ್ಳುವುದನ್ನು ನಾವು ತಪ್ಪೆನ್ನುವುದಿಲ್ಲ. ನಾವು ಕವಿಗಳೂ ಮಾಡುವುದು ಅದನ್ನೇ. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಇಂಥ ಸಂಘಗಳಲ್ಲಿ ಎಷ್ಟೋ ಹುಡುಗರು ಹಿರಿಯರ ಮಾತು ಕೇಳಿಯೇ ಕೈ ಪಳಗಿಸಿಕೊಂಡರು. 1950ರಲ್ಲಿ ಶುರುವಾದ ಅಂತರರಾಷ್ಟ್ರೀಯ ಛಾಯಾಚಿತ್ರ ಒಕ್ಕೂಟವು ಎ.ಎಫ್.ಐ.ಎ.ಪಿ., ಇ.ಎಫ್.ಐ.ಎ.ಪಿ. ಎಂಬ ಬಿರುದು ಕೊಡುತ್ತದೆ. ಕೊಡಲಿ. ನಮ್ಮ ಪ್ರಶ್ನೆ ಒಂದೇ: ತೆಗೆದವನ ಹೆಸರಿಗೆ ಇಷ್ಟುದ್ದ ಬಾಲ ಇರುವಾಗ, ಎದುರು ನಿಂತವನಿಗೆ ಹೆಸರೇ ಇಲ್ಲದ್ದು ಯಾವ ನ್ಯಾಯ?

ಇದು ಮರೆವಲ್ಲ, ರೂಢಿ. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದರು. ಹೆಚ್ಚಿನ ಮುಖಗಳ ಕೆಳಗೆ ಬರೆದದ್ದು ಜಾತಿ, ಪಂಗಡ. ಮನುಷ್ಯನ ಹೆಸರಲ್ಲ. ಇಂದಿನ ನಮ್ಮವರು ಜಾತಿ ಬರೆಯುವುದಿಲ್ಲ, ಅಷ್ಟು ನಾಜೂಕು ಬಂದಿದೆ. 'ಹಳ್ಳಿಗ', 'ಮುಗ್ಧ', 'ಬದುಕಿನ ಗೆರೆಗಳು' ಎನ್ನುತ್ತಾರೆ. ಹೆಸರನ್ನು ಅವರೂ ಬರೆಯಲಿಲ್ಲ, ಇವರೂ ಬರೆಯುವುದಿಲ್ಲ.

ದೂರದ ಅಮೆರಿಕದಲ್ಲೂ ಇದೇ ಕತೆ. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ಬಡ ಕೂಲಿ ತಾಯಿಯ ಪಟ ತೆಗೆದರು. ಅದು ಜಗತ್ಪ್ರಸಿದ್ಧವಾಯಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ. ಸ್ಟೀವ್ ಮೆಕ್‌ಕರಿ 1984ರಲ್ಲಿ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರು ಕಣ್ಣಿನ ಅಫಘಾನ್ ಹುಡುಗಿಗೆ ಶರ್ಬತ್ ಗುಲಾ ಎಂಬ ಹೆಸರು ಸಿಕ್ಕಿದ್ದು 2002ರಲ್ಲಿ. ಮುಖ ಮಾರಾಟವಾಗಲು ಹೆಸರು ಬೇಕಿಲ್ಲ ನೋಡಿ.

ಇನ್ನು ಎದುರಿನ ಗೋಡೆ. ಅಲ್ಲಿ ವೀಣೆ ಇತ್ತು, ಪಿಟೀಲು ಇತ್ತು, ಮಲ್ಲಿಗೆ ದಂಡೆ ಮುಡಿಸಿದ ಮೃದಂಗ ಇತ್ತು. ಹಲಗೆ ಇರಲಿಲ್ಲ. ಹಲಗೆ ಅವರಿಗೆ ವಾದ್ಯವಲ್ಲ, ಮುದುಕನ ಕೈಯಲ್ಲಿನ ಅಲಂಕಾರ. ಆ ಮೃದಂಗದ ಬಾಯಿಗೆ ಬಿಗಿದದ್ದು ಏನು? ಹಸು, ಎಮ್ಮೆ, ಮೇಕೆಗಳ ಚರ್ಮ. ಸುಲಿದು, ಹದ ಮಾಡಿ, ಬಿಗಿದವರು ಯಾರು? ಟಿ.ಎಂ. ಕೃಷ್ಣ ಅವರು ಮೃದಂಗ ಮಾಡುವ ಕುಟುಂಬಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. ಮಾಡುವವರಲ್ಲಿ ಬಹಳಷ್ಟು ಜನ ದಲಿತ ಕ್ರೈಸ್ತರು. 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನು ಚೆನ್ನೈಯ ಕಲಾಕ್ಷೇತ್ರ ವಾಪಸು ಪಡೆಯಿತು. ನಾದ ಬೇಕು, ಚರ್ಮದ ಮಾತು ಬೇಡ! ಮಲ್ಲಿಗೆ ದಂಡೆ ಮುಚ್ಚಿದ್ದು ಇದನ್ನೇ.

ಹಲಗೆಯ ಬಗ್ಗೆ ನಮ್ಮಲ್ಲೇ ಜಗಳವಿದೆ, ಮುಚ್ಚಿಡುವುದಿಲ್ಲ. ಊರವರ ಹೆಣದ ಮುಂದೆ ಬಾರಿಸುವುದು, ಡಂಗುರ ಸಾರುವುದು ಬಿಟ್ಟಿ ಚಾಕರಿಯಾಗಿತ್ತು. ಅದಕ್ಕೇ ನಮ್ಮ ಹಿರಿಯ ಕಾರ್ಯಕರ್ತರು ಹಲಗೆ ಬಿಡಿರಿ ಅಂದರು. ಅದೇ ಚಳವಳಿ ಹಲಗೆಯನ್ನು ಜಾಥಾದ ಮುಂದೆ, ವೇದಿಕೆಯ ಮೇಲೆ ತಂದಿತು. 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಅಂದು ಪತ್ರಿಕೆಗಳಲ್ಲಿ ಬಂದ ಪಟದ ಕೆಳಗೆ ಹೆಸರಿತ್ತು. ಆ ಒಂದು ಸಾಲಿಗಾಗಿ ನಮ್ಮ ಕೇರಿಯ ಹುಡುಗರು ಪಟ ಕತ್ತರಿಸಿ ಇಟ್ಟುಕೊಂಡರು. 'ಹಳ್ಳಿಯ ನಾದ' ಎಂಬ ಎರಡು ಮಾತಿನಲ್ಲಿ ಈ ಚಾಕರಿಯೂ ಇಲ್ಲ, ಈ ಜಗಳವೂ ಇಲ್ಲ, ಈ ಗೌರವವೂ ಇಲ್ಲ.

ಹೋದ ವರ್ಷ ಅಜ್ಜ ತೀರಿಕೊಂಡ. ಪೂಜೆಗೆ ಇಡಲು ಮನೆಯಲ್ಲಿ ಒಂದು ಪಟ ಇರಲಿಲ್ಲ. ಆಧಾರ್ ಕಾರ್ಡಿನ ಉಗುರಿನಷ್ಟು ಮುಖವನ್ನು ದೊಡ್ಡದು ಮಾಡಿಸಿದೆವು. ಕಣ್ಣು ಮೂಗು ಕಲಸಿಹೋದವು. ಆಗ ಆ ಬಹುಮಾನದ ಪಟ ನೆನಪಾಗಿ ತೆಗೆದವರ ಮನೆಗೆ ಹೋದೆವು. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು: 'ಹಕ್ಕು ನಮ್ದು. ಪ್ರಿಂಟಿಗೆ ದುಡ್ಡು ಆಗ್ತೈತಿ.' ಕಾನೂನೂ ಅವರ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆದವನೇ ಕರ್ತೃ. ದುಡ್ಡು ಕೊಟ್ಟು ತೆಗೆಸಿಕೊಂಡವನಿಗೂ ಹಕ್ಕು ಸಿಗಬಹುದು. ಸುಮ್ಮನೆ ಎದುರು ನಿಂತವನಿಗೆ ಇಲ್ಲ. ಹರಿದ ಚರ್ಮ ನಮ್ಮದು, ಕರ್ತೃ ಅವರು!

ಬರೀ ಬೈದರೆ ಸಾಲದು. ನಮ್ಮ ಹುಡುಗರ ಕೈಗೂ ಈಗ ಫೋನು ಬಂದಿದೆ. ಚೌಡಿಕೆ ಹಿಡಿದ ಜೋಗಮ್ಮ ಕೇರಿಗೆ ಬಂದರೆ ಕೇಳದೆಯೇ ಪಟ ತೆಗೆಯುತ್ತೇವೆ. ಅವಳ ಹೆಸರು ನಮಗೆಷ್ಟು ಜನಕ್ಕೆ ಗೊತ್ತು? ಬೇರೆ ದಾರಿ ಹಿಡಿದವರಿದ್ದಾರೆ. ಸುಧಾರಕ್ ಓಲ್ವೆ ಮುಂಬಯಿಯ ಪೌರಕಾರ್ಮಿಕರ ನಡುವೆ, ಎಂ. ಪಳನಿಕುಮಾರ್ ತಮಿಳುನಾಡಿನ ಮಲಗುಂಡಿ ಕಾರ್ಮಿಕರ ನಡುವೆ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಓಡಾಡಿದ್ದಾರೆ. ಅವರು ಎರಡು ತಾಸಿಗೆ ಬಂದು ಹೋದ ಅತಿಥಿಗಳಲ್ಲ.

ಛಾಯಾಗ್ರಾಹಕ ಬಂಧುಗಳೇ, ನಾವು ಕೇಳುವುದು ಬಹಳವಿಲ್ಲ. ತೆಗೆಯುವ ಮುಂಚೆ ಕೇಳಿರಿ. ಪಟದ ಕೆಳಗೆ, ಒಪ್ಪಿದರೆ, ಅವರ ಹೆಸರು ಬರೆಯಿರಿ, ವಾದ್ಯದ ಪಟವಾದರೆ ಮಾಡಿದವರ ಹೆಸರನ್ನೂ. ಒಂದು ಪ್ರತಿಯನ್ನು ಆ ಮನೆಗೆ ಮುಟ್ಟಿಸಿರಿ. ಮತ್ತೆ, ನಿಮ್ಮ ನಿಮ್ಮಲ್ಲೇ ಮೆಚ್ಚಿಕೊಳ್ಳುವ ಆ ಕೋಣೆಗೆ ಒಮ್ಮೆ ಪಟದಲ್ಲಿರುವವರನ್ನೂ ಕರೆಯಿರಿ. ಬೆಳಕು ಹೇಗಿದೆ ಎಂದು ಅವರೂ ಹೇಳಲಿ. ಹಳ್ಳಿಯ ಮಾಸ್ತರರೇ, ನಿಮ್ಮ ಮಕ್ಕಳಿಗೆ ಫೋನು ಕೊಟ್ಟು ಕೇರಿಗೆ ಕಳಿಸಿರಿ. ತಮ್ಮ ಮುದುಕ ಮುದುಕಿಯರ ಪಟ ತೆಗೆದು, ಕೆಳಗೆ ಹೆಸರು ಬರೆದು ತರಲಿ. ಅದೇ ಅವರ ಮೊದಲ ಇತಿಹಾಸ ಪಾಠ.

ಓದುವವರು ಕೇಳಬಹುದು: ಇಷ್ಟೆಲ್ಲ ಬರೆದ ನೀವೇ ಅಜ್ಜನ ಹೆಸರು ಬರೆದಿಲ್ಲವಲ್ಲ? ಬರೆಯಲು ಹೋದೆವು. ಅಜ್ಜಿ ತಡೆದಳು.

'ಅಂವ್ರು ಮೊದ್ಲು ಆ ಪಟದ ಕೆಳಗ ಬರೀಲಿ. ಆಮ್ಯಾಲೆ ನೀವು ಬರೀರಿ.'

ಕಾಯುತ್ತಿದ್ದೇವೆ.